ಕುರುಮಯ್ಯನ ಒಂಬತ್ತು ಸಾಲು

ಮಕ್ತಲ್ ಬಸ್‌ಸ್ಟ್ಯಾಂಡಿನಲ್ಲಿ ಇಳಿದು "ಹುಡುಕೋ ಆಚಾರ್ರು ಎಲ್ಲಿ ಕೂಡ್ತಾರ್ರೀ?" ಅಂತ ಯಾರನ್ನು ಬೇಕಾದರೂ ಕೇಳಿ, ಕೈ ಎತ್ತಿ ತೋರಿಸುತ್ತಾರೆ. ಭಜಿ ಕರಿಯುವವನು ಝಾರಿ ಸೌಟನ್ನು ಎಣ್ಣೆಯಿಂದ ಎತ್ತಿ ಅದರಿಂದಲೇ ದಿಕ್ಕು ತೋರಿಸುತ್ತಾನೆ. ನಿಜಾಮರ ಕಾಲದಲ್ಲಿ ಗಾಡಿಗಳನ್ನು ತಡೆದು ಸುಂಕ ಕಟ್ಟಿಸಿಕೊಳ್ಳುತ್ತಿದ್ದ ಹಳೆಯ ನಾಕಾ, ದಪ್ಪ ಕಲ್ಲಿನ ಗೋಡೆ, ಕುಳ್ಳ ಬಾಗಿಲು, ಒಳಗೆ ಹೋಗುವವರು ಯಾರೇ ಆಗಲಿ ತಲೆ ಬಗ್ಗಿಸಲೇಬೇಕು. ದುಡಿಯಲು ಊರು ಬಿಟ್ಟು ಹೋದವರಿಗಾಗಿ ಅಲ್ಲಿ ಈಗ ಒಂದು ಸಹಾಯ ಕೇಂದ್ರ ಇದೆ. ಒಳಕೋಣೆಯಲ್ಲಿ ಕಿಟಕಿಗೆ ಬೆನ್ನು ಮಾಡಿ, ಹಣೆಗೆ ಅಂಗಾರ ಅಕ್ಷತೆ ಇಟ್ಟುಕೊಂಡು, ಕರಿ ಪರದೆಯ ಕಂಪ್ಯೂಟರಿನ ಮುಂದೆ ಕೂತ ನಲವತ್ತೆಂಟರ ಮನುಷ್ಯನೇ ಸಂಕರ್ಷಣಾಚಾರ್ಯ. ಕಳೆದುಹೋದವರ ಹೆಸರು ಹುಡುಕುವುದು ಅವನ ಕೆಲಸ.

ಅವನು ಗದ್ವಾಲದವನು. ಕೋಟೆಯೊಳಗಿನ ಗುಡಿಯಲ್ಲಿ ಅಪ್ಪ ಅರ್ಚಕರಾಗಿದ್ದರು. ಅಣ್ಣ ವಿಜಯೀಂದ್ರ ಹತ್ತು ವರ್ಷಕ್ಕೇ ಸೂಕ್ತಗಳನ್ನೆಲ್ಲ ಬಾಯಿಪಾಠ ಮಾಡಿ ಪೂಜೆಗೆ ನಿಂತ. ತಮ್ಮನಿಗೆ ಮಂತ್ರ ನಾಲಿಗೆಗೆ ಹತ್ತಲೇ ಇಲ್ಲ. "ಹೋಗ್ಲಿ ಬಿಡ್ರಿ, ದೊಡ್ಡಾಂವ ದೇವರನ್ನ ಹಿಡಕೊಂಡಾನ, ಸಣ್ಣಾಂವಗ ಮಶೀನರ ಇರಲಿ" ಅಂತ ತಾಯಿ ವಿಜಯಾಬಾಯಿ ನಗುತ್ತ ಅಂದಿದ್ದಳು. ಮಗ ರಾಯಚೂರಿನಲ್ಲಿ ಟೆಲಿಫೋನ್ ವಿಚಾರಣೆಯ ಕೋಣೆಗೆ ಕಾಂಟ್ರಾಕ್ಟಿನ ಮೇಲೆ ಸೇರಿಕೊಂಡ. ಯಾರೋ ಫೋನು ಮಾಡಿ ಹೆಸರು ಹೇಳುತ್ತಿದ್ದರು, ಅವನು ಯುನಿಕ್ಸ್ ಯಂತ್ರದ ಕರಿ ಪರದೆಯ ಮೇಲೆ ಆ ಹೆಸರು ಬಡಿದು ನಂಬರು ಹೇಳುತ್ತಿದ್ದ. ಮೊಬೈಲು ಬಂದ ಮೇಲೆ ಆ ಕೋಣೆಗೆ ಬೀಗ ಬಿತ್ತು. ಸಂಕರ್ಷಣ ನಾರಾಯಣಪೇಟೆಯಲ್ಲಿ ಮನೆ ಮಾಡಿದ, ಶಾಲೆಯಲ್ಲಿ ಟೀಚರಾಗಿದ್ದ ಶ್ರೀವಲ್ಲಿಯನ್ನು ಮದುವೆಯಾದ, ಸೀರೆ ಅಂಗಡಿಯೊಂದರಲ್ಲಿ ವರ್ಷಗಟ್ಟಲೆ ಗಂಟು ಬಿಚ್ಚಿ ಕಟ್ಟಿದ. ಹೆಸರು ಹುಡುಕುವ ಕೈ ಮಾತ್ರ ಹಾಗೇ ಉಳಿದಿತ್ತು. ಮಕ್ತಲ್‌ನಲ್ಲಿ ಕೇಂದ್ರ ತೆರೆದಾಗ ಅದು ಮತ್ತೆ ಕೆಲಸಕ್ಕೆ ಬಂತು.

ಕೆಲಸ ಹೀಗಿತ್ತು ನೋಡ್ರಿ. ನಮ್ಮ ಕಡೆಯ ಜನ ಕೃಷ್ಣಾ ಸ್ಟೇಷನ್ನಿನಲ್ಲಿ ರೈಲು ಹತ್ತಿದರೆ ಸೊಲ್ಲಾಪುರ, ಪುಣೆ, ಮುಂಬಯಿ, ಅಲ್ಲಿ ಎಲ್ಲಿ ಕಟ್ಟಡ ಏಳುತ್ತದೋ ಅಲ್ಲಿಗೆ. ಹೋದವರಲ್ಲಿ ಒಬ್ಬಿಬ್ಬರು ತಪ್ಪಿಹೋಗುತ್ತಾರೆ. ಫೋನು ಕಳೆಯುತ್ತದೆ, ಮೇಸ್ತ್ರಿ ಜೊತೆ ಜಗಳಾಗುತ್ತದೆ, ಗಾಡಿ ಬಡಿದು ಯಾವುದೋ ದವಾಖಾನೆ ಸೇರುತ್ತಾರೆ. ಆ ಊರುಗಳ ದವಾಖಾನೆಗಳಲ್ಲಿ, ಅನಾಥರು ತಂಗುವ ಮನೆಗಳಲ್ಲಿ ಕೆಲವು ಒಳ್ಳೆಯ ಜನ ಇದ್ದರು. ತಮ್ಮಲ್ಲಿ ಯಾರೂ ನೋಡಲು ಬಾರದೆ ಬಿದ್ದವರ ಪಟ್ಟಿಯನ್ನು ಅವರು ಪ್ರತಿ ಸೋಮವಾರ ಕಳಿಸುತ್ತಿದ್ದರು. ಒಬ್ಬರಿಗೆ ಒಂದು ಸಾಲು: ಹೆಸರು, ಊರು, ವಯಸ್ಸು, ಕೊನೆಗೆ ಎರಡು ಮಾತು. ಸಂಕರ್ಷಣ ಗ್ರೆಪ್ ಅನ್ನುವ ಆಜ್ಞೆ ಬರೆದು, ಮುಂದೆ ಬೇಕಾದ ಹೆಸರು, ಅದರ ಮುಂದೆ ಪಟ್ಟಿಯ ಹೆಸರು ಬಡಿಯುತ್ತಿದ್ದ. ಮೊರದಲ್ಲಿ ಕೇರಿ ತೆಗೆದ ಹಾಗೆ ಆ ಹೆಸರಿದ್ದ ಸಾಲಷ್ಟೇ ಪರದೆಯ ಮೇಲೆ ಬಂದು ಬೀಳುತ್ತಿತ್ತು. ಹೆಸರು ಪಟ್ಟಿಯಲ್ಲಿರದಿದ್ದರೆ ಯಂತ್ರ ಏನೂ ಹೇಳುತ್ತಿರಲಿಲ್ಲ. ಸುಮ್ಮನೆ ಮಿಣಮಿಣ ಅನ್ನುತ್ತಿತ್ತು.

ನಾಲ್ಕು ವರ್ಷದಲ್ಲಿ ಮೂವತ್ತೊಂದು ಜನ ಸಿಕ್ಕರು. ಒಂದೊಂದು ಸಾಲು ಎದ್ದಾಗಲೂ ಅವನು ಪರದೆಯ ಮೇಲೆ ಬೆರಳಿಟ್ಟು ಆ ಹೆಸರನ್ನು ಗಟ್ಟಿಯಾಗಿ ಓದುತ್ತಿದ್ದ. ಗುಡಿಯಲ್ಲಿ ಅಣ್ಣನಿಗೆ ಗರ್ಭಗುಡಿಯ ಪರದೆ ಸರಿಸುವಾಗ ಏನಾಗುತ್ತದೋ ತನಗೆ ಅದೇ ಆಗುತ್ತದೆ ಅಂತ ಶ್ರೀವಲ್ಲಿಯ ಮುಂದೆ ಒಮ್ಮೆ ಹೇಳಿದ್ದ. "ಮಡಿ ಇಲ್ದ ದರ್ಶನಾ ನಿಮ್ಮದು" ಅಂತ ಅವಳು ನಕ್ಕಿದ್ದಳು.

ಆ ಕೇಂದ್ರದಲ್ಲಿ ಒಂದು ರೂಢಿ ಬೆಳೆದಿತ್ತು. ಅದು ಬೆಳೆದದ್ದು ಲಕ್ಷ್ಮಣ್ ಅನ್ನುವವನಿಂದ. ಕೃಷ್ಣಾ ಮಂಡಲದವನು, ಪುಣೆಯಲ್ಲಿ ಸಿಕ್ಕು ಮನೆಗೆ ಬಂದ. ಪಟ್ಟಿಯಿಂದ ಅವನ ಸಾಲು ತೆಗೆದರೋ ಇಲ್ಲವೋ ಅಂತ ನೋಡಲು ಸಂಕರ್ಷಣ ಮಾರನೆಯ ವಾರ ಅದೇ ಹೆಸರನ್ನು ಮತ್ತೆ ಹುಡುಕಿದ. ಎದುರಿಗೆ ಕೂತಿದ್ದ ನಾಲ್ಕು ಹೆಂಗಸರು ಅದನ್ನು ನೋಡಿದರು. ನಾಲ್ಕೇ ದಿನಕ್ಕೆ ಲಕ್ಷ್ಮಣ್ ಮತ್ತೆ ಮನೆ ಬಿಟ್ಟು ಹೋದ, ತಿರುಗಿ ಬರಲಿಲ್ಲ. "ಸಿಕ್ಕವರ ಹೆಸರು ಮತ್ತ ಹುಡುಕಿದ್ರ ಮತ್ತ ಕಳಕೋತಾರ" ಅನ್ನುವ ಮಾತು ಸಂತೆಯಿಂದ ಸಂತೆಗೆ ಹಬ್ಬಿತು. ಅಂದಿನಿಂದ ಯಾರಾದರೂ ಸಿಕ್ಕರೆ ಮನೆಯವರು ಮೊದಲು ಕೇಳುತ್ತಿದ್ದದ್ದು ಒಂದೇ: ಹೆಸರು ಅಳಿಸಿದ್ರೇನ್ರಿ, ಮತ್ತ ಅದನ್ನ ಬಡೀಬ್ಯಾಡ್ರಿ. ಆಚಾರ್ಯರ ಮನೆಯಲ್ಲಿ ಹುಟ್ಟಿದ ಸಂಕರ್ಷಣ ಅರ್ಧ ನಂಬಿದ, ಇನ್ನರ್ಧ ಅವರ ಸಂಕಟ ನೋಡಿ ಒಪ್ಪಿದ. ಸಿಕ್ಕವರದು, ಪಟ್ಟಿಯಲ್ಲಿ ಖಂಡಿತ ಇದೆ ಅಂತ ಗೊತ್ತಿರುವ ಒಂದು ಹೆಸರನ್ನೂ ಅವನು ಆಮೇಲೆ ಹುಡುಕಲಿಲ್ಲ.

ಬರಬರುತ್ತ ಪಟ್ಟಿಗಳು ಬೆಳೆದವು. ಏಳಿದ್ದ ಫೈಲು ನಲವತ್ತಾದವು, ಕಾಯುವವರ ಹೆಸರು ನೂರ ನಲವತ್ತು ದಾಟಿತು. ಒಂದೊಂದನ್ನೂ ಕೈಯಿಂದ ಬಡಿಯುತ್ತ ಕೂತರೆ ಮುಂಜಾನೆ ಬಸ್ಸಿಗೆ ಬಂದವರು ಸಂಜೆ ಬಸ್ಸಿಗೂ ಕಾಯಬೇಕು. ಅದಕ್ಕೆ ಅವನು ಒಂದು ಸ್ಕ್ರಿಪ್ಟ್ ಬರೆದ, ಅಂದರೆ ಯಂತ್ರಕ್ಕೆ ಒಮ್ಮೆ ಹೇಳಿಟ್ಟು ಬಿಡುವ ಕೆಲಸದ ಪಟ್ಟಿ. ಅದರೊಳಗೆ ಒಂದು ವೇರಿಯಬಲ್ ಇಟ್ಟ. ವೇರಿಯಬಲ್ ಅಂದರೆ ಚೀಟಿ ಅಂಟಿಸಿದ ಖಾಲಿ ಡಬ್ಬಿ ಅಂತ ತಿಳೀರಿ. ಚೀಟಿಯ ಮೇಲೆ 'ಹೆಸರು' ಅಂತ ಬರೆದಿದೆ. ಯಂತ್ರ ಕಾಯುವವರ ಹೆಸರುಗಳನ್ನು ಒಂದೊಂದಾಗಿ ಆ ಡಬ್ಬಿಗೆ ಹಾಕುತ್ತದೆ. ಡಾಲರ್ ಗುರುತು ಹಾಕಿ ಡಬ್ಬಿಯನ್ನು ಕರೆದರೆ ಮುಚ್ಚಳ ತೆಗೆದು ಒಳಗಿನದನ್ನು ಗ್ರೆಪ್ ಕೈಗೆ ಕೊಡುತ್ತದೆ. ಸಿಕ್ಕರೆ ಸಾಲು ತೋರಿಸು, ಸಿಗದಿದ್ದರೆ ಆ ಹೆಸರಿನ ಮುಂದೆ 'ಇಲ್ಲ' ಅಂತ ಅಚ್ಚು ಹಾಕು. ಇಷ್ಟೇ.

ಮೊದಲ ಸಲ ಓಡಿಸಿದಾಗ ಪರದೆ ತುಂಬ ತಕರಾರು. ಕುರುಮಯ್ಯಗಳು, ಗೋಪಾಲರು ಊರಿಗೆ ಹತ್ತು ಜನ ಇರುತ್ತಾರಂತ ಅವನು ಹೆಸರಿನ ಜೊತೆ ಊರನ್ನೂ ಸೇರಿಸಿ ಬರೆದಿದ್ದ. ನಡುವೆ ಜಾಗ ಬಿಟ್ಟದ್ದರಿಂದ ಯಂತ್ರ ಮೊದಲ ಮಾತನ್ನು ಹುಡುಕಲು ಹೊರಟು, ಎರಡನೆಯ ಮಾತನ್ನು ಫೈಲು ಅಂತ ತಿಳಿದು, ಅಂಥ ಫೈಲು ಇಲ್ಲ, ಅಂಥ ಫೈಲು ಇಲ್ಲ ಅಂತ ಗೋಳಾಡಿತು. ಎರಡೂ ಮಾತು ಕೂಡಿಯೇ ಇರಲಿ ಅಂತ ಸಂಕರ್ಷಣ ಡಬ್ಬಿಯ ಎರಡೂ ಬದಿಗೆ ಒಂದೊಂದು ಒಂಟಿ ಕೋಟ್, ಅಂದರೆ ಒಂಟಿ ಉದ್ಧರಣ ಚಿಹ್ನೆ, ಹಾಕಿದ. ತಕರಾರು ನಿಂತಿತು. ನೂರ ನಲವತ್ತಕ್ಕೂ ಮಿಕ್ಕಿದ ಹೆಸರುಗಳ ಮುಂದೆ ಶಿಸ್ತಾಗಿ 'ಇಲ್ಲ' ಬಂತು. ತಿಂಗಳೊಪ್ಪತ್ತಿಗೆ ಒಬ್ಬರು ಸಿಗುವ ಕೆಲಸದಲ್ಲಿ ಒಂದು ವಾರ ಯಾರೂ ಸಿಗದಿರುವುದು ಹೊಸದೇನಲ್ಲ. ಅವನು ಬುತ್ತಿಯ ಡಬ್ಬಿ ಬಿಚ್ಚಿ ಮೊಸರನ್ನ ಉಂಡ.

ಅದರ ಮುಂದಿನ ಸಂತೆಯ ದಿನ ನರಸಿಂಹಮ್ಮ ಬಂದಳು. ನರ್ವ ಕಡೆಯವಳು, ಎರಡೆಕರೆ ಹೊಲ, ನಲವತ್ತೈದರ ಗಟ್ಟಿ ಹೆಂಗಸು. ಗಂಡ ಪುಣೆಗೆ ಗಾರೆ ಕೆಲಸಕ್ಕೆ ಹೋದವನು ಮೇಸ್ತ್ರಿ ಜೊತೆ ಮಾತಿಗೆ ಮಾತು ಬೆಳೆದು ಊರಿಗೆ ಹೊರಟನಂತೆ. ಎಂಟು ದಿನದಿಂದ ಫೋನು ಬಂದ್.

"ಹೆಸರೇನವಾ ಅವರದು?" ಸಂಕರ್ಷಣ ಕೇಳಿದ.

ಅವಳು ಸೆರಗು ಬಾಯಿಗೆ ಹಿಡಿದಳು. "ಅಯ್ಯ, ನಾ ಹೆಂಗ ಹೇಳಲ್ರಿ ಅದನ್ನ? ಕುರುಮೂರ್ತಿ ಸ್ವಾಮಿ ಹೆಸರು ಐತ್ರಿ. ನೀವ ತಿಳಕೊಂಡು ಬರಕೋರಿ."

"ಕುರುಮಯ್ಯನೋ?"

"ಹೂಂ" ಅಂದವಳು ನಾಚಿಕೆ ಮುಗಿದ ಮೇಲೆ ಕೇಳಿದಳು, "ಆಚಾರ್ರ, ಈ ಪಟ್ಟ್ಯಾಗ ಯಾರ್ಯಾರ ಹೆಸರು ಇರ್ತಾವ್ರಿ?"

"ದವಾಖಾನ್ಯಾಗ ಇದ್ದವರದು, ಏನರ ಆದವರದು."

"ಅಂದ್ರ ಇದರಾಗ ಇಲ್ಲಾಂದ್ರ ಚೊಲೋನ ಅದಾರ ಅಂದಂಗಾತಲ್ರಿ?"

ಅದಕ್ಕೆ ಅವನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಸ್ಕ್ರಿಪ್ಟ್ ಓಡಿಸಿದ. 'ಇಲ್ಲ' ಬಂತು. ಕೇಂದ್ರದ ಚೀಟಿಯ ಮೇಲೆ ಬರೆದು ಠಸ್ಸೆ ಒತ್ತಿ ಕೊಟ್ಟ. ಅವಳು ಅದನ್ನು ಕಣ್ಣಿಗೊತ್ತಿಕೊಂಡು ಕುಪ್ಪಸದಲ್ಲಿ ಇಟ್ಟುಕೊಂಡಳು.

ಆ ಮೊದಲ ಚೀಟಿ ಖರೆ ಇತ್ತು. ಆಮೇಲಿನವು ಯಾವುವೂ ಖರೆ ಇರಲಿಲ್ಲ.

ಹೀಗೆ ಹತ್ತು ಸಂತೆ ಅವಳು ಬಂದಳು. ಬರುವಾಗ ಒಂದು ಬೊಗಸೆ ಹಸಿ ಶೇಂಗಾ ಮೇಜಿನ ಮೇಲೆ ಸುರಿಯುವಳು. "ತಿನ್ರಿ, ಸಿಪ್ಪಿ ಒಳಗ ಇರೋದಕ್ಕ ಮೈಲಿಗಿ ಹತ್ತಂಗಿಲ್ಲ. ನಾ ಮುಟ್ಟಿದ್ದು ಮ್ಯಾಲಿನ ಅಂಗಿನಷ್ಟ."

"ನನ್ನ ಮಡಿ ಬಸ್ಸಿನ್ಯಾಗ ಹೋಗೇದ ನರಸಿಂಹಮ್ಮ, ಕೊಡು ಇಲ್ಲೆ" ಅಂತ ಅವನೂ ಸುಲಿಯುತ್ತ ಕೂಡುವನು. ಚೀಟಿ ಕೈಗೆ ಬಂದ ಮೇಲೆ ಅವಳ ಮಾತು ಹಗುರಾಗುತ್ತಿತ್ತು. ನಡಕೋತ ಬರಾಕ ಹತ್ಯಾರೇನೋ, ಜಿಪುಣ ಮನಿಷ್ಯಾ, ಟಿಕೀಟು ತಗಿಯೂದಂದ್ರ ಜೀವಾ ಹೋಗತೈತಿ, ಜೂರಾಲ ಡ್ಯಾಮಿನ ತನಕ ಬಂದಿದ್ದಾರು, ಅಲ್ಲಿ ಮೀನ ತಿನಕೋತ ಕುಂತಿದ್ದಾರು. ಅವಳ ಓಣಿಯಲ್ಲಿ ಹೆಂಗಸರು ಗುಸುಗುಸು ಮಾಡಿದರೆ ಅವಳು ಚೀಟಿ ತೆಗೆದು ತೋರಿಸುತ್ತಿದ್ದಳಂತೆ. ಮೈದುನ ಜಂಬಪ್ಪ ಒಮ್ಮೆ ಸೊಲ್ಲಾಪುರ, ಪುಣೆ ತಿರುಗಿ ನೋಡಿಕೊಂಡು ಬರೋಣ ಅಂದನಂತೆ. "ಯಾಕ ಬೇಕೋ ಮಾರಾಯ, ದವಾಖಾನ್ಯಾಗ ಇಲ್ಲಂತ ಆಚಾರ್ರ ಮಶೀನು ಹೇಳೈತಿ. ನಾವು ಆ ಕಡೆ ಹೋದಾಗ ಅವರು ಈ ಕಡೆ ಬಂದ್ರ ಬಾಗಲಾ ತಗಿಯೋರು ಯಾರು?" ಅಂತ ಅವನನ್ನು ಬೈದು ಕೂಡಿಸಿದೆ ಅಂತ ಅವಳೇ ಹೆಮ್ಮೆಯಿಂದ ಹೇಳಿದಳು. ಸಂಕರ್ಷಣ ತಲೆಯಾಡಿಸಿದ.

ಹನ್ನೊಂದನೆಯ ಸೋಮವಾರ, ಮುಂಜಾನೆ ಹತ್ತೂವರೆಗೆ ಸೊಲ್ಲಾಪುರದಿಂದ ಚಂದ್ರಕಾಂತ್‌ನ ಫೋನು ಬಂತು. ಅಲ್ಲಿಯ ಒಂದು ದವಾಖಾನೆಯಿಂದ ಪಟ್ಟಿ ಕಳಿಸುತ್ತಿದ್ದವನು, ಸೊಲ್ಲಾಪುರದ ಕನ್ನಡ ಆಡುವವನು. ಇವನಂಥ ಇಪ್ಪತ್ತು ಕೇಂದ್ರಗಳಿಗೆ ಅದೇ ಪಟ್ಟಿ ಹೋಗುತ್ತಿತ್ತು, ಹೆಸರು ಕಂಡವರು ಫೋನು ಮಾಡಬೇಕು ಅನ್ನುವುದು ಒಪ್ಪಂದ.

"ಆಚಾರ್ಯರೆ, ನಿಮ್ಮ ಕಡೆ ನರ್ವ ಅಂತ ಊರು ಅದ ಏನ್ರಿ?"

"ಅದ. ಯಾಕ್ರಿ?"

"ಒಬ್ಬಾಂವ ಇದ್ದನ್ರಿ. ಸತ್ತು ಎಂಟು ದಿವಸ ಆತು. ಇವತ್ತ ಅವನ ಗಂಟು ಬಿಚ್ಚಿದ್ವಿ, ಒಳಗ ಮಕ್ತಲ್ ಬಸ್ಸಿನ ಟಿಕೀಟು ಸಿಕ್ತು. ಒಂಬತ್ತು ವಾರ ಅವನ ಹೆಸರು ಕಳಿಸೀನಿ, ನಿಮ್ಮಿಂದ ಒಂದು ಫೋನಿಲ್ಲ. ಕುರುಮಯ್ಯ ಅಂತ."

ಸಂಕರ್ಷಣನಿಗೆ ಫೋನು ಇಟ್ಟದ್ದು ನೆನಪಿಲ್ಲ. ಸ್ಕ್ರಿಪ್ಟ್ ಮುಟ್ಟಲಿಲ್ಲ. ಹಳೆಯ ಕಾಲದ ಹಾಗೆ, ಒಂದೊಂದೇ ಅಕ್ಷರ, ಕೈಯಿಂದ ಬಡಿದ. ಗ್ರೆಪ್. ಕುರುಮಯ್ಯ ನರ್ವ. ಸೊಲ್ಲಾಪುರದ ಎಲ್ಲ ಪಟ್ಟಿ.

ಒಂಬತ್ತು ಸಾಲು ಒಂದರ ಕೆಳಗೊಂದು ಬಂದು ನಿಂತವು. ಹೆಸರು ಅದೇ, ಊರು ಅದೇ. ಕೊನೆಯ ಎರಡು ಮಾತು ಮಾತ್ರ ವಾರದಿಂದ ವಾರಕ್ಕೆ ಬೇರೆ. ಮೊದಲ ಸಾಲಿನಲ್ಲಿ, ಗಾಡಿ ಬಡಿದು ಎಡ ತೊಡೆ ಮುರಿದಿದೆ, ಎಚ್ಚರ ಇದೆ, ಫೋನು ಕಳೆದಿದೆ, ಯಾರ ನಂಬರೂ ನೆನಪಿಲ್ಲ. ಎರಡನೆಯದರಲ್ಲಿ, ಆಪರೇಷನ್ ಆಯಿತು, ಹೆಂಡತಿ ಬರುತ್ತಾಳೆ ಅನ್ನುತ್ತಾನೆ. ಮೂರನೆಯದರಲ್ಲಿ, ಊಟ ಮಾಡುತ್ತಾನೆ, ಹೆಂಡತಿ ಬರುತ್ತಾಳೆ ಅನ್ನುತ್ತಾನೆ. ನಾಲ್ಕು, ಹಾಸಿಗೆ ಬಾಗಿಲ ಹತ್ತಿರಕ್ಕೆ ಬದಲಿಸಿದೆ, ಅವನೇ ಕೇಳಿಕೊಂಡದ್ದು. ಐದು, ಗಾಯ ಕೀವಾಗಿದೆ. ಆರು, ಜ್ವರ. ಏಳನೆಯ ಸಾಲು ಉದ್ದಕ್ಕಿತ್ತು, ಪರದೆಯ ಅಂಚಿಗೆ ಮುಟ್ಟಿ ಕೆಳಗೆ ಮಡಚಿಕೊಂಡಿತ್ತು: ಹೆಂಡತಿ ದಾರಿ ತಪ್ಪಿರಬೇಕು, ಯಾರಾದರೂ ಸ್ಟೇಷನ್ನಿಗೆ ಹೋಗಿ ನೋಡಿ ಅನ್ನುತ್ತಾನೆ. ಎಂಟು, ಮಾತಿಲ್ಲ. ಒಂಬತ್ತು, ಮೃತ, ಯಾರೂ ಬಂದಿಲ್ಲ.

ಅವನು ಸ್ಕ್ರಿಪ್ಟ್ ತೆರೆದು ನೋಡಿದ. ಹೆಚ್ಚು ಹೊತ್ತು ಬೇಕಾಗಲಿಲ್ಲ. ಜೋಡಿ ಕೋಟ್ ಹಾಕಿದ್ದರೆ ಎರಡು ಮಾತು ಕೂಡಿಯೂ ಇರುತ್ತಿದ್ದವು, ಡಬ್ಬಿಯ ಮುಚ್ಚಳವೂ ತೆರೆಯುತ್ತಿತ್ತು. ಒಂಟಿ ಕೋಟ್ ಹಾಕಿದರೆ ಯಂತ್ರ ಮುಚ್ಚಳ ಮುಟ್ಟುವುದಿಲ್ಲ, ಬರೆದದ್ದನ್ನು ಬರೆದ ಹಾಗೇ ಹಿಡಿಯುತ್ತದೆ. ಹನ್ನೊಂದು ವಾರ ಅದು ಕುರುಮಯ್ಯನನ್ನು ಹುಡುಕಿರಲಿಲ್ಲ, ಗೋಪಾಲನನ್ನೂ ಹುಡುಕಿರಲಿಲ್ಲ. ಡಾಲರ್ ಗುರುತು, ಪಕ್ಕಕ್ಕೆ 'ಹೆಸರು' ಅನ್ನುವ ಆ ಚೀಟಿಯನ್ನೇ ನಲವತ್ತು ಪಟ್ಟಿಗಳಲ್ಲಿ ಹುಡುಕಿ, ಸಿಗದೆ, ಪ್ರತಿಯೊಬ್ಬರ ಮುಂದೂ 'ಇಲ್ಲ' ಅಂತ ಬರೆದಿತ್ತು. ರಾಯಚೂರಿನಲ್ಲಿ ಸೇರಿದ ಮೊದಲ ವಾರವೇ ಅವನು ಕಲಿತ ಪಾಠ ಅದು. ಸಿಕ್ಕವರೊಬ್ಬರ ಹೆಸರು ಹಾಕಿ ಒಂದು ಸಲ, ಬರೀ ಒಂದು ಸಲ ಓಡಿಸಿ ನೋಡಿದ್ದರೆ ಅಂದೇ ತಿಳಿಯುತ್ತಿತ್ತು.

ಜೋಡಿ ಕೋಟ್ ಹಾಕಿ ಓಡಿಸಿದ. ಕುರುಮಯ್ಯನಲ್ಲದೆ ಇನ್ನೂ ಇಬ್ಬರು ಎದ್ದರು. ಇಬ್ಬರೂ ಜೀವಂತ, ಒಬ್ಬ ಪುಣೆಯಲ್ಲಿ, ಒಬ್ಬ ಮುಂಬಯಿಯಲ್ಲಿ. ಅವರ ಮನೆಗಳಿಗೆ ಫೋನು ಮಾಡಿದ. "ನಿಮ್ಮ ಹೊಟ್ಟಿ ತಣ್ಣಗಿರಲ್ರಿ ಆಚಾರ್ರ, ದೇವರದೀರಿ ನೀವು" ಅಂತ ಒಬ್ಬ ತಾಯಿ ಆ ಕಡೆಯಿಂದ ಅತ್ತಳು. ಅವನು ಫೋನು ಕಿವಿಯಿಂದ ದೂರ ಹಿಡಿದ.

ಕೇಂದ್ರ ನಡೆಸುತ್ತಿದ್ದ ಝಾನ್ಸಿ ಗದ್ವಾಲದ ತೆಲುಗಿನ ಹುಡುಗಿ, ಎರಡೂ ಭಾಷೆ ಕಲಸಿ ಮಾತಾಡುವವಳು. ಎಲ್ಲ ಕೇಳಿದವಳು ಬಾಗಿಲು ಮುಂದಕ್ಕೆ ಮಾಡಿದಳು. ಆಮೇಲೆ ಮೆಲ್ಲಗೆ, "ಆಚಾರಿಗಾರೂ, ಲಿಸ್ಟು ಲೇಟಾಗಿ ಬಂತು ಅಂತ ಚೆಪ್ಪೇದ್ದಾಂ, ಹೇಳಿಬಿಡೋಣ. ಪಾಪಂ, ಆಯಮ್ಮಗೆ ಇಷ್ಟು ಯಾಕೆ ತಿಳೀಬೇಕು? ಹೋದೋರು ಹೋದ್ರು. ಆಕಿಗೆ ತಾಸು ತಾಸಿಗೆ ಅದೇ ನೆನಪಾಗ್ತದೆ" ಅಂದಳು.

"ಆಕಿಗ ಅಷ್ಟಽ ಏನು?"

"ನಿಮಗೂ."

ಅವನು ಆ ಮಾತನ್ನು ಎರಡು ದಿನ ಹೊತ್ತುಕೊಂಡು ತಿರುಗಿದ. ಊಟ ಮುಟ್ಟದಿರುವುದನ್ನು ನೋಡಿ ಶ್ರೀವಲ್ಲಿ ಕೇಳಿದಾಗ ಅವಳ ಮುಂದೆ ಬಿಚ್ಚಿಟ್ಟ. ಅವಳು ತಟ್ಟೆ ಸರಿಸಿ, "ಅಂವ ನರ್ವ ಅಂತ ಊರ ಹೆಸರು ಹೇಳ್ಯಾನ, ಹೆಂಡ್ತಿ ಬರ್ತಾಳ ಅಂತ ಹೇಳ್ಯಾನ. ಅದನ್ನ ಮುಟ್ಟಸೋದು ನಿಮ್ಮ ಕೆಲಸ ಅದ. ಈಗರ ಮುಟ್ಟಸ್ರಿ" ಅಂದಳು. ಅಷ್ಟೇ ಅಂದಳು.

ಸಂತೆಯ ದಿನ ಹನ್ನೊಂದಕ್ಕೆ ನರಸಿಂಹಮ್ಮ ತಲೆ ಬಗ್ಗಿಸಿ ಒಳಗೆ ಬಂದಳು. ಶೇಂಗಾ ಸುರಿದಳು. "ಲಗೂನ ಬರದು ಕೊಡ್ರಿ, ಇವತ್ತ ಬಸ್ಸು ಗದ್ಲ ಐತಿ."

ಸಂಕರ್ಷಣ ಮೇಜಿನ ಹಿಂದಿನಿಂದ ಎದ್ದು ಬಂದ. ಹಾಗೆ ಅವನು ಯಾರ ಮುಂದೂ ಬಂದವನಲ್ಲ. ಬೆಂಚಿನ ತುದಿಗೆ ಕೂತ. ಎರಡು ದಿನ ಮಾತು ಜೋಡಿಸಿಟ್ಟಿದ್ದ, ಒಂದೂ ಬಾಯಿಗೆ ಬರಲಿಲ್ಲ. ನಾಲ್ಕು ವರ್ಷದಿಂದ ಆ ಕೋಣೆಯಲ್ಲಿ ಹೇಳಿ ಹೇಳಿ ರೂಢಿಯಾದ ಮಾತು ತಾನಾಗಿಯೇ ಹೊರಬಿತ್ತು.

"ನರಸಿಂಹಮ್ಮ, ಅವರು ಸಿಕ್ಕಾರ."

ಅವಳು ಎದ್ದು ನಿಂತೇ ಬಿಟ್ಟಳು. ಮುಖ ಹಿಗ್ಗಿ ಇಷ್ಟಗಲವಾಯಿತು. "ಎಲ್ರಿ? ಎಲ್ಲಿ ಅದಾರ? ಕೃಷ್ಣಾದಾಗ ಎಷ್ಟಕ್ಕ ಐತ್ರಿ ರೈಲು?" ಚೀಲ ಆಗಲೇ ಹೆಗಲಿಗೆ ಏರಿತ್ತು.

"ಕೂಡವಾ."

"ಕುಂಡ್ರೂದೇನ್ರಿ ಇನ್ನ?"

"ಕೂಡವಾ ನನ್ನವ್ವಾ" ಅಂದ ಅವನು. ಅವಳು ಅವನ ಮುಖ ನೋಡಿದಳು. ಚೀಲ ಹೆಗಲಿಂದ ಜಾರಿ ನೆಲಕ್ಕೆ ಬಂತು, ಅವಳು ಹಿಡಿಯಲಿಲ್ಲ.

ಎಲ್ಲ ಹೇಳಿದ. ಒಂದನ್ನೂ ಬಿಡಲಿಲ್ಲ, ಲಿಸ್ಟು ತಡವಾಯಿತು ಅನ್ನಲಿಲ್ಲ. ಡಬ್ಬಿ ಹೇಳಿದ, ಚೀಟಿ ಹೇಳಿದ, ತಾನು ಮುಚ್ಚಳ ತೆಗೆಯದ ಹಾಗೆ ಬರೆದಿದ್ದನ್ನು ಹೇಳಿದ. ಗಂಡನ ಹೆಸರು ಅಲ್ಲಿ ಒಂಬತ್ತು ಸಲ ಬಂದಿತ್ತು, ಒಂಬತ್ತು ಸಲವೂ ನಾನು ನಿನಗೆ ಇಲ್ಲ ಅಂದೆ ಅಂತ ಹೇಳಿದ. ಯಾರೂ ಬಾರದೆ ಕಾರ್ಪೊರೇಷನ್ನಿನವರು ಕೆಲವು ದಿನ ಕಾದು ಹೆಣ ಸುಟ್ಟದ್ದನ್ನೂ ಹೇಳಿದ. ಝಾನ್ಸಿ ಬಾಗಿಲಲ್ಲಿ ನಿಂತು ಅಳುತ್ತಿದ್ದಳು.

ನರಸಿಂಹಮ್ಮ ಬೈಯಲಿಲ್ಲ. ಬೈದಿದ್ದರೆ ಅವನು ಉಳಿಯುತ್ತಿದ್ದ. "ಏನ ಬರದೈತಿ ಓದ್ರಿ" ಅಂದಳು.

ಅವನು ಓದಿದ. ಏಳನೆಯದು ಮುಗಿದಾಗ ಕೈ ಅಡ್ಡ ಹಿಡಿದಳು. "ಅದನ್ನ ಇನ್ನೊಮ್ಮೆ ಓದ್ರಿ."

"ಹೆಂಡತಿ ದಾರಿ ತಪ್ಪಿರಬೇಕು, ಯಾರಾದರೂ ಸ್ಟೇಷನ್ನಿಗೆ ಹೋಗಿ ನೋಡಿ ಅನ್ನುತ್ತಾನೆ."

ಅವಳು ಪರದೆಯ ಕಡೆ ತಿರುಗಿದಳು, ಅಲ್ಲಿ ಯಾರೋ ಕೂತು ಕೇಳುತ್ತಿದ್ದಾರೆ ಅನ್ನುವ ಹಾಗೆ. "ನಾ ದಾರಿ ತಪ್ಪಿಲ್ರಿ," ಅಂದಳು. "ವಾರಾ ವಾರಾ ಬಂದೀನಿ. ಇಲ್ಲಿಗೇ ಬಂದೀನಿ."

ಆಮೇಲೆ ಎದ್ದಳು. ಸಂಕರ್ಷಣ ತಾನೂ ಸೊಲ್ಲಾಪುರಕ್ಕೆ ಬರುತ್ತೇನೆ, ಅಲ್ಲಿ ಭಾಷೆ ತಿಳಿಯುವುದಿಲ್ಲ, ಕಾಗದ ಪತ್ರ ಇರುತ್ತವೆ ಅಂದ. ಅವಳು ತಲೆ ಅಲ್ಲಾಡಿಸಿದಳು. "ಜಂಬಪ್ಪ ಬರ್ತಾನ್ರಿ. ಅಂವ ಅವತ್ತ ಹೋಗಾಮು ಅಂದಿದ್ದ. ನಾನ ಬ್ಯಾಡ ಅಂದೆ." ಕುಳ್ಳ ಬಾಗಿಲಲ್ಲಿ ಬಗ್ಗುವುದನ್ನು ಮರೆತಳು, ಹಣೆ ಕಲ್ಲಿಗೆ ತಗಲಿತು. ಕೈಯಿಂದ ಮುಟ್ಟಿಯೂ ನೋಡಿಕೊಳ್ಳಲಿಲ್ಲ. ಶೇಂಗಾ ಮೇಜಿನ ಮೇಲೆ ಹಾಗೇ ಇತ್ತು. ಯಾರೂ ಮುಟ್ಟಲಾರದೆ ಕೊನೆಗೆ ಝಾನ್ಸಿ ಅದನ್ನು ಒಂದು ಕಾಗದದಲ್ಲಿ ಕಟ್ಟಿ ಹೊರಗೆ ಒಯ್ದಳು.

ಅವಳು ಸೊಲ್ಲಾಪುರಕ್ಕೆ ಹೋಗಿ ಬಂದದ್ದು ಚಂದ್ರಕಾಂತ್‌ನಿಂದ ತಿಳಿಯಿತು. ಒಂದು ಲುಂಗಿ, ಒಂದು ಗಾರೆಯ ಕರಣಿ, ಆ ಬಸ್ಸಿನ ಟಿಕೀಟು, ಅಷ್ಟೇ ಇತ್ತಂತೆ ಗಂಟಿನಲ್ಲಿ. ಬಾಗಿಲ ಹತ್ತಿರದ ಹಾಸಿಗೆಯಲ್ಲಿ ಈಗ ಬೇರೆ ಯಾರೋ ಇದ್ದರು. ಅವಳು ಆ ಗುರುತಿಲ್ಲದವನ ಕಾಲ ಬುಡದಲ್ಲಿ ಒಂದು ತಾಸು ಕೂತು, ಅವನಿಗೆ ನೀರು ಕುಡಿಸಿ ಬಂದಳಂತೆ.

ಸಂಕರ್ಷಣ ಕೆಲಸ ಬಿಡುತ್ತೇನೆ ಅಂತ ಬರೆದುಕೊಟ್ಟ. ಝಾನ್ಸಿ ಕಾಗದ ಮಡಚಿ ತಿರುಗಿ ಅವನ ಕೈಯಲ್ಲೇ ಇಟ್ಟಳು, "ನೀವು ಹೋದರೆ ಮಿಕ್ಕಿದವರನ್ನ ಹುಡುಕೋರು ಯಾರು?" ಅಂದಳು. ಅವನು ಉಳಿದ. ಆದರೆ ಕೆಲಸದ ಬಗೆ ಬದಲಾಯಿತು. ಸೋಮವಾರ ಮೊದಲು ಪಟ್ಟಿಯಲ್ಲಿ ಕಣ್ಣಾರೆ ಕಂಡ ಒಂದು ಹೆಸರನ್ನು ಡಬ್ಬಿಗೆ ಹಾಕಿ ಓಡಿಸುತ್ತಾನೆ, ಆ ಸಾಲು ಎದ್ದರೇ ಮುಂದಿನ ಮಾತು. ಎದುರಿಗೆ ಕೂತವರು ಮುಖ ಸಿಂಡರಿಸಿದರೆ, "ತಪ್ಪು ನನಗ ಹತ್ತಲಿ" ಅನ್ನುತ್ತಾನೆ. ಸ್ಕ್ರಿಪ್ಟ್ ಮುಗಿದ ಮೇಲೆ ಅಷ್ಟೂ ಹೆಸರುಗಳನ್ನು ಕೈಯಿಂದ ಮತ್ತೆ ಬಡಿಯುತ್ತಾನೆ. ಬೆರಳಿನ ಗಿಣ್ಣುಗಳು ಬಾತುಕೊಂಡಿವೆ. ಜೋಡಿ ಕೋಟ್ ಸರಿ ಇದೆ, ಸಾವಿರ ಸಲ ನೋಡಿದ್ದಾನೆ, ಆದರೂ ನಂಬಿಕೆ ಬರುವುದಿಲ್ಲ. ಅಪನಂಬಿಕೆ ಯಂತ್ರದ ಮೇಲಲ್ಲ. ಸುಮ್ಮನಿರುವ ಪರದೆಯ ಮೇಲೆ.

ನರಸಿಂಹಮ್ಮ ಸಂತೆಗೆ ಬರುವುದು ನಿಲ್ಲಲಿಲ್ಲ, ಕೇಂದ್ರಕ್ಕೆ ಬರುವುದು ನಿಂತಿತು. ಬೆನ್ನ ಹಿಂದಿನ ಕಿಟಕಿಗೆ ತಿರುಗಿದರೆ ಅವಳು ಆಚೆ ಬದಿಗೆ ನಡೆದು ಹೋಗುವುದು ಕಾಣುತ್ತಿತ್ತು, ಬರಿ ಕೈ, ಬರಿ ಹಣೆ. ಅವನು ತಲೆ ತಗ್ಗಿಸುತ್ತಿದ್ದ.

ಆರು ತಿಂಗಳಾದ ಮೇಲೆ ಒಂದು ಸಂತೆಯ ಸಂಜೆ, ಇನ್ನೂ ಬಿಸಿಲಿತ್ತು, ಅವನು ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ನಾರಾಯಣಪೇಟೆಯ ಬಸ್ಸಿಗೆ ಕಾಯುತ್ತಿದ್ದ. ಯಾರೋ ಬೆಂಚಿನ ಆ ತುದಿಗೆ ಕೂತರು. ನೋಡಿದರೆ ಅವಳು. ಎದ್ದು ಹೋಗಬೇಕೋ ಕೂಡಬೇಕೋ ತಿಳಿಯಲಿಲ್ಲ. ಅವಳೂ ಎದುರಿನ ರಸ್ತೆಯನ್ನೇ ನೋಡುತ್ತಿದ್ದಳು.

"ಇವತ್ತ ಯಾರು ಬಂದಿದ್ರ್ರಿ?" ಅವಳೇ ಕೇಳಿದಳು.

"ಕೃಷ್ಣಾ ಕಡೆಯಾಕಿ ಒಬ್ಬಾಕಿ. ಮಗಾ ಎರಡು ತಿಂಗಳಾತಂತ, ಪತ್ತೆ ಇಲ್ಲ."

"ಸಿಕ್ಕನೇನ್ರಿ?"

"ಇಲ್ಲ ನರಸಿಂಹಮ್ಮ."

"ಕೈಲೆ ನೋಡಿದ್ರ್ಯಾ?"

"ನೋಡೀನಿ."

"ಎಲ್ಲಾ ಊರಿಂದೂ?"

"ಎಲ್ಲಾ ಊರಿಂದೂ."

ನರ್ವದ ಬಸ್ಸು ಬಂತು. ಜನ ನುಗ್ಗಿದರು. ಅವಳು ಚೀಲ ಎತ್ತಿಕೊಂಡು ಎರಡು ಹೆಜ್ಜೆ ಹೋದವಳು ನಿಂತಳು, ತಿರುಗಲಿಲ್ಲ.

"ಇನ್ನೊಮ್ಮೆ ನೋಡ್ರಿ," ಅಂದು ಬಸ್ಸು ಹತ್ತಿದಳು.

ಅದರ ಹಿಂದೆಯೇ ನಾರಾಯಣಪೇಟೆಯ ಬಸ್ಸು ಬಂದು ನಿಂತಿತು. ಕಂಡಕ್ಟರು ಗುರುತಿನವನು, "ಬರ್ರಿ ಆಚಾರ್ರ, ಸೀಟು ಐತಿ" ಅಂತ ಕರೆದ. ಸಂಕರ್ಷಣ ಕೈ ಬೀಸಿ ಬಸ್ಸನ್ನು ಕಳಿಸಿ, ಕೇಂದ್ರದ ಬೀಗದ ಕೈ ಕಿಸೆಯಲ್ಲಿ ತಡವುತ್ತ ನಾಕಾದ ಕಡೆಗೆ ನಡೆದ.